ಕೆಳಗಿನ ಅಂತಸ್ತಿಗೆ ಯಾರ ಪೈ?

ಇಪ್ಪತ್ತಾರು ವರ್ಷ ಹೋಟೆಲು ನಡೆಸಿದ ಮನುಷ್ಯನಿಗೆ, ಅಡಿಗೆಯ ವಿಷಯದಲ್ಲಿ ಹೆಂಡತಿಯೊಂದಿಗೆ ಸ್ಪರ್ಧೆಗಿಳಿಯುವ ದುರ್ಬುದ್ಧಿ ಯಾಕಾದರೂ ಬರಬೇಕು? ಆದರೆ ಗ್ರಹಚಾರಕ್ಕೆ ಹೋಟೆಲಿನವನು, ಬ್ಯಾಂಕಿನವನು ಎಂಬ ಭೇದವಿಲ್ಲ. ಅದು ನೆರೂಳ ಸ್ಟೇಷನ್ನಿನ ಎದುರಿನ ‘ಹೋಟೆಲ್ ಶೇಷಶಯನ’ದ ಮಾಲೀಕ ಸರ್ವೋತ್ತಮ ರಾಯರ ಹೆಗಲೇರಿದ್ದು ಒಂದು ಗಾಜಿನ ಪೆಟ್ಟಿಗೆಯ ರೂಪದಲ್ಲಿ. (ಹೋಟೆಲಿನ ಹೆಸರು ಶೇಷಶಯನ. ಬೆಳಗಿನ ಮೊದಲ ಲೋಕಲ್ ರೈಲು ಬಂದ ಮೇಲೆ ಅಲ್ಲಿ ಶಯನ ಮಾಡಿದವರನ್ನು ಯಾರೂ ಕಂಡಿಲ್ಲ, ಆ ಮಾತು ಬೇರೆ.)

ಪೆಟ್ಟಿಗೆ ತರಿಸಿದವಳು ಮಗಳು ಮಾನಸಿ. ಬೇಕರಿ ಕೋರ್ಸು ಮುಗಿಸಿದ ಹುಡುಗಿ ಮನೆಯಲ್ಲಿ ಓವನ್ ಇಟ್ಟುಕೊಂಡು ಆರು ತಿಂಗಳು ಏನೇನೋ ಸುಟ್ಟಳು. ಆಮೇಲೆ ಅಪ್ಪನ ಮುಂದೆ ಬಂದು ನಿಂತಳು. ಕಾಲೇಜಿನ ಹುಡುಗರು ನಮ್ಮ ಹೋಟೆಲಿನ ಮುಂದೆಯೇ ಹಾದು, ಆಚೆಯ ಗಲ್ಲಿಯ ಕೇಕಿನ ಅಂಗಡಿಗೆ ಹೋಗುತ್ತಾರೆ, ಅವರನ್ನು ಹಿಡಿದು ನಿಲ್ಲಿಸಬೇಕಾದರೆ ಪೈ ಮಾಡಬೇಕು ಎಂದಳು.

"ಪೈ ಅಂದ್ರೆ ಎಂಥದು ಮಾರಾಯ್ತಿ? ನಮ್ಮೂರಲ್ಲಿ ಪೈ ಅಂದ್ರೆ ಮನೆತನದ ಹೆಸರು. ಅವರನ್ನು ಯಾರೂ ಓವನಿಗೆ ಹಾಕಿದ್ದು ನಾನು ಕೇಳ್ಲಿಲ್ಲ."

"ಪಪ್ಪಾ, ಜೋಕ್ ಬಾದ್ ಮೇಂ. ಕೆಳಗೆ ಮೈದಾ-ಬೆಣ್ಣೆಯ ಬಟ್ಟಲು, ಒಳಗೆ ಫಿಲ್ಲಿಂಗ್, ಮೇಲೆ ಮುಚ್ಚಳ. ಓವನ್ ಮೇಂ ಡಾಲೋ, ಬಸ್."

"ಕಡುಬಿಗೆ ರಾಜಯೋಗ ಬಂದದ್ದು ಅಂತ ಹೇಳು," ಎಂದು ರಾಯರು ಒಪ್ಪಿದರು. ಮಗಳ ಮಾತಿಗೆ ಅವರು ಇಲ್ಲವೆಂದ ದಾಖಲೆ ಎಲ್ಲೂ ಇಲ್ಲ.

ಗಾಜಿನ ಪೆಟ್ಟಿಗೆ ಬಂತು. ಪೈಗಳನ್ನು ಬಿಸಿಯಾಗಿಡುವ ಆ ಪೆಟ್ಟಿಗೆಗೆ ಎರಡೇ ಅಂತಸ್ತು. ಮೇಲಿನದರಲ್ಲಿ ಮಾನಸಿಯ ಸೇಬಿನ ಪೈ. ಅದರ ಬಗ್ಗೆ ತಕರಾರಿಲ್ಲ, ಅಂಗಡಿ ಅಪ್ಪನದಾದರೂ ಪೆಟ್ಟಿಗೆ ಅವಳದು. ಕೆಳಗಿನ ಅಂತಸ್ತಿಗೆ ಮಾತ್ರ ಬೇರೆ ಯಾವ ಬೇಕರಿಯಲ್ಲೂ ಸಿಗದ, ನಮ್ಮ ಊರಿನದೇ ಆದ ಒಂದು ಪೈ ಬೇಕು ಎಂದಳು ಮಗಳು. ಅಲ್ಲಿಗೆ ಮನೆಯಲ್ಲಿ ಶಾಂತಿ ಮುಗಿಯಿತು.

"ಮನೋಳಿ-ಕಡಲೆ ಸುಕ್ಕ ಹಾಕುವ," ಎಂದಳು ರಾಯರ ಹೆಂಡತಿ ಜಯಲತಾ. ಮನೋಳಿ ಎಂದರೆ ತೊಂಡೆಕಾಯಿ. ಅದಕ್ಕೆ ಕಪ್ಪು ಕಡಲೆ, ಹುರಿದ ಮಸಾಲೆ, ಕಾಯಿತುರಿ ಸೇರಿಸಿ ನೀರು ಬತ್ತಿಸಿದರೆ ಕರಾವಳಿಯವರು ಎರಡು ಹಿಡಿ ಅನ್ನ ಹೆಚ್ಚಿಗೆ ಉಣ್ಣುತ್ತಾರೆ.

"ಕಾಶಿ ಹಲ್ವ," ಎಂದರು ರಾಯರು, ಆಗಲೇ ತೀರ್ಪು ಬಂದುಬಿಟ್ಟಿದೆ ಎಂಬ ಧ್ವನಿಯಲ್ಲಿ. "ಬೂದುಗುಂಬಳದ ಕಾಶಿ ಹಲ್ವದ ಪೈ. ನಾನೇ ಮಾಡ್ತೇನೆ."

"ನೀವಾ? ನೀವು ಸೌಟು ಹಿಡಿದು ಎಷ್ಟು ಕಾಲ ಆಯ್ತು?"

ಈ ಪ್ರಶ್ನೆ ರಾಯರಿಗೆ ನಾಟಿತು. ಅವರು ಹುಟ್ಟಾ ಗಲ್ಲೆಯ ಮೇಲೆ ಕೂತವರಲ್ಲ. ಹದಿಹರೆಯದಲ್ಲಿ ಸೋದರಮಾವ ಕಿಟ್ಟಣ್ಣನ ಜತೆ ಮದುವೆ ಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ಬೆಂದವರು. ಹೋಟೆಲು ಬೆಳೆದ ಹಾಗೆ ಅಡಿಗೆಗೆ ಜನ ಬಂದರು, ರಾಯರು ಗಲ್ಲೆಗೆ ಸರಿದರು. ಅಲ್ಲಿ ಕೂತು ಚಿಲ್ಲರೆ ಕೊಡುತ್ತ, ಒಳಗಿನಿಂದ ಬರುವ ಒಗ್ಗರಣೆಯ ವಾಸನೆಗೆ ಮೂಗರಳಿಸುತ್ತ, ‘ಸಾಸಿವೆ ಹೆಚ್ಚು ಕಾಯಿಸಿದ ಬೋಳಿಮಗ’ ಎಂದು ಮನಸ್ಸಿನಲ್ಲೇ ಬಯ್ಯುತ್ತ ಅವರ ಪ್ರಾಯ ಕಳೆದಿತ್ತು. ಇಂದಿನ ಗಿರಾಕಿಗಳಿಗೆ ಅವರು ಶೇಟ್. ಈ ಶೇಟ್ ಒಂದು ಕಾಲದಲ್ಲಿ ಅಡಿಗೆಭಟ್ಟನಾಗಿದ್ದ ಎಂದು ಊರಿಗೆ ತೋರಿಸಲು ಕೆಳಗಿನ ಅಂತಸ್ತೊಂದೇ ಅವರಿಗೆ ಉಳಿದ ದಾರಿಯಾಗಿತ್ತು.

"ನೋಡು ಜಯಾ, ಮನೆ ಅಡಿಗೆ ಬೇರೆ, ಹೋಟೆಲಿನ ಅಡಿಗೆ ಬೇರೆ."

ಜಯಲತಾ ತೊಂಡೆಕಾಯಿಯ ತುದಿ ಕತ್ತರಿಸುವುದನ್ನು ನಿಲ್ಲಿಸಿದಳು. "ಇದನ್ನು ನಾನು ಮದುವೆಯಾಗಿ ಬಂದ ವರ್ಷದಿಂದ ಕೇಳ್ತಾ ಇದ್ದೇನೆ. ಹೋಟೆಲಿನ ಪಾತ್ರೆ ಕಡಿಮೆಯಾದ್ರೆ ಮನೆಯದ್ದು ಹೋಗ್ತದೆ, ಗ್ಯಾಸು ಮುಗಿದ್ರೆ ಮನೆಯದ್ದು ಹೋಗ್ತದೆ. ನನ್ನ ಕೈಯ ಒಂದೇ ಒಂದು ತಿಂಡಿ ಅಲ್ಲಿಗೆ ಹೋಗ್ಲಿಲ್ಲ. ಒಂದು ಸಲ ಹೋಗ್ಲಿ ಅಂತ ನನಗೆ ಆಸೆ ಉಂಟು. ಅಷ್ಟೇ."

ಅವಳು ಹಾಗೆ ನೇರವಾಗಿ ಹೇಳಿದಾಗ ರಾಯರ ಎದೆಯೊಳಗೆ ಏನೋ ಚುರುಕ್ಕೆಂದಿತು. ಬಿಟ್ಟುಕೊಡೋಣವೇ ಎಂದೂ ಒಂದು ಕ್ಷಣ ಅನ್ನಿಸಿತು. ಆದರೆ ಅಷ್ಟರಲ್ಲಿ ಕಣ್ಣ ಮುಂದೆ ಕಾಶಿ ಹಲ್ವ ತುಪ್ಪ ಬಿಟ್ಟುಕೊಂಡು ಹೊಳೆಯಿತು, ಅವರು ಎದೆಯನ್ನು ಗಟ್ಟಿ ಮಾಡಿಕೊಂಡರು.

"ವೋಟಿಂಗ್ ಕರ್ತೇ ಹೈಂ," ಎಂದಳು ಮಾನಸಿ. "ನಮ್ಮ ಬಿಲ್ಡಿಂಗಿನ ಸೊಸೈಟಿಯ ಗ್ರೂಪಿನಲ್ಲಿ ಕೇಳುವ."

"ಆ ಗ್ರೂಪಿನಲ್ಲಾ! ಅಲ್ಲಿ ಲಿಫ್ಟು ಕೆಟ್ಟರೂ ಕೈಮುಗಿದ ಚಿತ್ರ, ಯಾರಾದರೂ ಸತ್ತರೂ ಅದೇ ಕೈಮುಗಿದ ಚಿತ್ರ. ಜನರ ಬಾಯಿ ಕೇಳಬಾರದು ಮಗಾ. ಪುಕ್ಕಟೆ ತಿಂದವನು ಯಾವತ್ತೂ ಚೆನ್ನಾಗಿದೆ ಅಂತಲೇ ಹೇಳುವುದು. ಡಬ್ಬಿ ಕೇಳ್ಬೇಕು, ಡಬ್ಬಿ."

ಹೀಗೆ ಹೇಳಿ ರಾಯರು ತಮ್ಮ ಡಬ್ಬಿ ಸಿದ್ಧಾಂತವನ್ನು ಮಂಡಿಸಿದರು. ನೆರೆಮನೆಯಿಂದ ಬಂದ ಡಬ್ಬಿಯನ್ನು ಯಾವ ಗೃಹಸ್ಥನೂ ಖಾಲಿ ಮರಳಿಸುವುದಿಲ್ಲ. ಇದು ಉಡುಪಿಯಲ್ಲೂ ಸತ್ಯ, ವಿಜಾಪುರದಲ್ಲೂ ಸತ್ಯ, ಮರಾಠಿಯವರಲ್ಲೂ ಸತ್ಯ. ಏನೂ ಇಲ್ಲದಿದ್ದರೆ ಒಂದು ಮುಷ್ಟಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಆದರೆ ಬಂದ ತಿಂಡಿ ನಾಲಗೆಗೆ ಹಿಡಿಸಿತೋ, ಸಕ್ಕರೆ ಹಾಕಲು ಮನೆಯೊಡತಿಗೆ ಮನಸ್ಸು ಬಾರದು. ಅದಕ್ಕೆ ಸರಿಸಾಟಿಯಾದದ್ದನ್ನು ಮಾಡಿಯೇ ತುಂಬಿಸುತ್ತಾಳೆ. ಆದ್ದರಿಂದ ನಾವು ಏನೂ ಕೇಳದೆ ಡಬ್ಬಿ ಕಳಿಸಿ ಸುಮ್ಮನಿರಬೇಕು. ಯಾರ ಡಬ್ಬಿಯಲ್ಲಿ ಘನವಾದದ್ದು ಮರಳಿತೋ ಅವರ ಪೈಗೆ ಕೆಳಗಿನ ಅಂತಸ್ತು.

"ಆಗ್ಲಿ," ಎಂದಳು ಜಯಲತಾ ತಕ್ಷಣ. ಇಷ್ಟು ಬೇಗ ಒಪ್ಪಿದ ಹೆಂಡತಿಯನ್ನು ಕಂಡು ಯಾವ ಗಂಡನಾದರೂ ಹೆದರಬೇಕಿತ್ತು. ರಾಯರು ಹಿಗ್ಗಿದರು.

ಭಾನುವಾರ ಹಲ್ವಯಜ್ಞ ನಡೆಯಿತು. ರಾಯರು ಪಂಚೆ ಎತ್ತಿ ಕಟ್ಟಿ, ಬನಿಯನ್ನಿನಲ್ಲಿ ಅಡಿಗೆಮನೆ ಹೊಕ್ಕು, ಹೆಂಡತಿಯನ್ನೂ ಮಗಳನ್ನೂ ಹೊರಗೆ ಕಳಿಸಿದರು. ಕುಂಬಳಕಾಯಿ ತುರಿದರು, ಹಿಂಡಿದರು, ಬಾಡಿಸಿದರು. ಸಕ್ಕರೆ ಸುರಿದರು. ತುಪ್ಪ ಸುರಿದರು. ಹಿಂದೆ ಕಿಟ್ಟಣ್ಣನ ಜತೆ ಐನೂರು ಎಲೆಗೆ ಮಾಡುತ್ತಿದ್ದ ಕೈ, ಎರಡು ಪೈಗೆ ಅಳತೆ ಇಳಿಸಲು ಒಪ್ಪಲಿಲ್ಲ. ಕೈಗೆ ಎಲ್ಲ ನೆನಪಿತ್ತು, ಇಳಿಸುವುದೊಂದು ಮಾತ್ರ ನೆನಪಿರಲಿಲ್ಲ.

"ಪಪ್ಪಾ, ಟೇಸ್ಟ್ ತೋ ಕರೋ!" ಎಂದು ಬಾಗಿಲಾಚೆಯಿಂದ ಮಾನಸಿ ಕೂಗಿದಳು.

"ರುಚಿ ನೋಡಿ ಮಾಡುವವ ಅಡಿಗೆಯವನಲ್ಲ. ನೈವೇದ್ಯಕ್ಕೆ ಮೊದಲು ನಾಲಗೆಗೆ ಮುಟ್ಟಿಸಿದ್ರೆ ಎಂಜಲು. ಕಿಟ್ಟಣ್ಣ ಮಾವ ಹಬೆಯ ವಾಸನೆಯಲ್ಲೇ ಉಪ್ಪು ಹೇಳ್ತಿದ್ದ."

ಇದು ಸುಳ್ಳಲ್ಲ. ಆ ಪರಂಪರೆಯಲ್ಲಿ ಬೆಳೆದ ಅಡಿಗೆಯವರು ಮಾಡುವಾಗ ಬಾಯಿಗೆ ಹಾಕುವುದಿಲ್ಲ, ಮಾಡಿದ ಮೇಲೆ ಹೊಗೆ ಕುಡಿದ ಹೊಟ್ಟೆಗೆ ಏನೂ ಬೇಡವಾಗುತ್ತದೆ. ಐದು ಬಗೆಯ ಭಕ್ಷ್ಯ ಬಡಿಸಿ ತಾವು ಮಜ್ಜಿಗೆ ಅನ್ನ ಉಂಡು ಏಳುತ್ತಾರೆ. ರಾಯರೂ ಅಷ್ಟೇ. ಹೀಗಾಗಿ ತಮ್ಮ ಕಾಶಿ ಹಲ್ವ ಜಗತ್ಪ್ರಸಿದ್ಧವೆಂಬುದು ಅವರಿಗೆ ಗೊತ್ತಿತ್ತು, ಅದರ ರುಚಿ ಮಾತ್ರ ಗೊತ್ತಿರಲಿಲ್ಲ.

ಹಲ್ವವನ್ನು ಹಿಟ್ಟಿನ ಬಟ್ಟಲಿಗೆ ತುಂಬಿ, ಮೇಲಿನ ಮುಚ್ಚಳಕ್ಕೆ ರಾಯರು ಹಿಟ್ಟಿನಿಂದಲೇ ಒಂದು ಕಮಲ ಕೆತ್ತಿ ಕೂರಿಸಿದರು. ದಳದ ಮೇಲೆ ದಳ, ನಡುವೆ ಒಂದು ಲವಂಗ. ಅದನ್ನು ಕಂಡು ಮಾನಸಿ ಕೂಡ ಬೆರಗಾದಳು. ಜಯಲತಾಳ ಪೈ ಪಾಪ, ಬೋಳು ತಲೆಯ ಹಾಗೆ ಸಪಾಟಾಗಿತ್ತು.

ನಾಲ್ಕು ಡಬ್ಬಿಗಳು ಹೊರಟವು. ಜಯಲತಾಳ ಎರಡು ಪೈಗಳಲ್ಲಿ ಒಂದು ಎದುರುಮನೆಯ ರತ್ನಾಬಾಯಿಗೆ, ಇನ್ನೊಂದು ಕೆಳಮನೆಯ ಸೋನಾಲಿಗೆ. ರಾಯರ ಎರಡರಲ್ಲಿ ಒಂದು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಜಯಶೀಲರ ಮನೆಗೆ, ಇನ್ನೊಂದು ಮೇಲ್ಮಹಡಿಯ ಅಪರ್ಣಾಗೆ. ಈ ಅಪರ್ಣಾ ಒಬ್ಬಳೇ ಇರುವ ಹುಡುಗಿ, ಠಾಣೆಯ ಆಫೀಸಿಗೆ ಬೆಳಿಗ್ಗೆ ಲೋಕಲ್ ಹಿಡಿದರೆ ಮರಳುವುದು ದೀಪ ಹಚ್ಚಿದ ಮೇಲೆ.

ಮೊದಲು ಮರಳಿದ್ದು ಸೋನಾಲಿಯ ಡಬ್ಬಿ. ಮುಚ್ಚಳ ತೆಗೆದರೆ ಮರಾಠಿಯವರ ಬೆಲ್ಲದ ಹೋಳಿಗೆ, ಗುಳಾಚಿ ಪೋಳಿ, ಎಳ್ಳು-ಬೆಲ್ಲದ ಘಮಘಮದೊಡನೆ, ಇನ್ನೂ ಬೆಚ್ಚಗೆ. ಜಯಲತಾ ಅದನ್ನು ಊಟದ ಮೇಜಿನ ನಡುವೆ ಇಟ್ಟಳು.

"ಸಂಕ್ರಾಂತಿಯದ್ದು ಉಳಿದಿರ್ಬೇಕು," ಎಂದರು ರಾಯರು.

"ಬೆಚ್ಚಗೆ ಉಂಟಲ್ಲ?"

"ಬಿಸಿಲಿಗೆ ಇಟ್ಟಿರ್ಬೇಕು."

ಮರುದಿನ ಜಯಶೀಲರ ಮನೆಯಿಂದ ರಾಯರ ಡಬ್ಬಿ ಬಂತು. ರಾಯರೇ ಓಡಿ ತೆಗೆದರು. ಒಳಗೆ ಸಕ್ಕರೆ. ಬರೀ ಸಕ್ಕರೆ, ಒಂದು ಮುಷ್ಟಿಯೂ ಸರಿಯಾಗಿ ಇಲ್ಲ. ಸಿದ್ಧಾಂತದ ಪ್ರಕಾರ ಇದಕ್ಕಿಂತ ಕಡಿಮೆ ಅಂಕವೇ ಇಲ್ಲ.

"ಅವರಿಗೆ ಡಯಾಬಿಟೀಸು," ಎಂದರು ರಾಯರು, ಡಬ್ಬಿಯ ಮುಚ್ಚಳ ಹಾಕುತ್ತ. "ಪಾಪ, ತಿನ್ನುವ ಹಾಗೇ ಇಲ್ಲ. ಈ ವೋಟು ಅಸಿಂಧು."

"ಅವರ ಹೆಂಡತಿಗೂ ಉಂಟಾ ಡಯಾಬಿಟೀಸು?"

"ಪತಿವ್ರತೆ. ಗಂಡ ತಿನ್ನದ್ದು ತಿನ್ನುವುದಿಲ್ಲ."

ಮಾನಸಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ಒಳಗೆ ಓಡಿದಳು. ಇನ್ನು ಉಳಿದದ್ದು ಎರಡು ಡಬ್ಬಿ. ರತ್ನಾಬಾಯಿಯದು ಜಯಲತಾಳ ಪಾಲಿಗೆ, ಅಪರ್ಣಾಳದು ರಾಯರ ಪಾಲಿಗೆ. ತಡವಾಗಿ ಬರುವ ಡಬ್ಬಿ ಭಾರವಾಗಿ ಬರುತ್ತದೆ ಎಂದು ರಾಯರು ಸಿದ್ಧಾಂತಕ್ಕೆ ಒಂದು ಉಪಸಿದ್ಧಾಂತ ಸೇರಿಸಿದರು. ಆದರೂ ಲಿಫ್ಟಿನ ಸದ್ದಾದಾಗಲೆಲ್ಲ ಬಾಗಿಲಿನ ಕಡೆ ನೋಡುವುದನ್ನು ಬಿಡಲಿಲ್ಲ.

ಬುಧವಾರ ಸಂಜೆ ತಾಯಿ-ಮಗಳು ಪೈಯ ಅಚ್ಚು ತರಲು ವಾಶಿಗೆ ಹೋಗಿದ್ದರು. ರಾಯರು ಮನೆಯಲ್ಲಿ ಒಬ್ಬರೇ. ಕರೆಗಂಟೆಯ ಸದ್ದಾಯಿತು. ಬಾಗಿಲಲ್ಲಿ ರತ್ನಾಬಾಯಿ, ಕೈಯಲ್ಲಿ ಡಬ್ಬಿ. ಅವಳ ಗಂಡ ಅಪ್ಪಾಸಾಹೇಬ ವಾಶಿಯ ಮಾರುಕಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರಿ. ಅವಳು ಬಂದಳೆಂದರೆ ಅವಳಿಗಿಂತ ಮುಂಚೆ ಮೂಗಿಗೆ ಮೆಣಸಿನ ಘಾಟು ಬರುತ್ತದೆ.

"ಅಣ್ಣಾರ, ವೈನಿ ಇಲ್ಲೇನ್ರಿ? ಡಬ್ಬಿ ಕೊಟ್ಟ ಹೋಗೂಣು ಅಂತ ಬಂದೆ. ನಿಮ್ಮ ತೊಂಡಿಕಾಯಿ ಪೈ ಭಾಳ ಛಲೋ ಆಗಿತ್ತರಿ. ನಮ್ಮ ಮನಿಯವರು ಒಂದ ತುಣುಕು ಸುದ್ದಾ ನನಗ ಉಳಿಸಲಿಲ್ಲ. ಖಾಲಿ ಡಬ್ಬಿ ಹ್ಯಾಂಗ ಕೊಡೂದು? ಅದಕ್ಕ ಏನೋ ಒಂದೀಟ ಹಾಕೇನ್ರಿ."

ರಾಯರು ಡಬ್ಬಿ ತೆಗೆದುಕೊಂಡರು. ಭಾರವಾಗಿತ್ತು. ಹೋಳಿಗೆಯೇ ಇರಬೇಕು, ಶೇಂಗಾ ಹೋಳಿಗೆ, ಸೋತೆ, ಎಂದುಕೊಂಡು ಅವರು ಅಡಿಗೆಮನೆಗೆ ಬಂದು ಮುಚ್ಚಳ ತೆಗೆದರು.

ಒಳಗೆ ಒಂದು ಕಮಲವಿತ್ತು.

ದಳದ ಮೇಲೆ ದಳ, ನಡುವೆ ಲವಂಗ. ರಾಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಮಲ ಹೋಗಲಿಲ್ಲ. ಅದು ಅವರು ಭಾನುವಾರ ಅಪರ್ಣಾಗೆ ಕಳಿಸಿದ ಅವರದೇ ಪೈ.

ನಡೆದದ್ದನ್ನು ಊಹಿಸಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಂಕ್ರಾಂತಿಗೆ ರತ್ನಾಬಾಯಿ ಕೊಟ್ಟಿದ್ದ ಹೋಳಿಗೆಯ ಡಬ್ಬಿ ಅಪರ್ಣಾಳ ಮನೆಯಲ್ಲೇ ಉಳಿದಿರಬೇಕು. ಒಲೆ ಹಚ್ಚದ ಆ ಹುಡುಗಿ ಖಾಲಿ ಡಬ್ಬಿ ಕೊಡಬಾರದೆಂದು ರಾಯರ ಪೈಯನ್ನು ಅದರಲ್ಲಿಟ್ಟು ರತ್ನಾಬಾಯಿಗೆ ದಾಟಿಸಿದ್ದಾಳೆ. ರತ್ನಾಬಾಯಿ ಅದನ್ನು ಜಯಲತಾಳ ಡಬ್ಬಿಗೆ ವರ್ಗಾಯಿಸಿ ಇಲ್ಲಿಗೆ ಕಳಿಸಿದ್ದಾಳೆ. ಸಿದ್ಧಾಂತ ಎಲ್ಲೂ ತಪ್ಪಿರಲಿಲ್ಲ. ಎಲ್ಲರೂ ಸಂಪ್ರದಾಯವನ್ನು ಅಕ್ಷರಶಃ ಪಾಲಿಸಿದ್ದರು.

ಇಷ್ಟೇ ಆಗಿದ್ದರೆ ‘ಯಾರೂ ತಿಂದೇ ನೋಡಲಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ಪೈಯ ಅಂಚಿನಲ್ಲಿ ಎರಡು ಗಾಯಗಳಿದ್ದವು. ಒಂದು ಚಮಚದಿಂದ ಕೆರೆದದ್ದು. ಇನ್ನೊಂದು ಚಾಕುವಿನಿಂದ ತೆಳ್ಳಗೆ ಸೀಳಿದ್ದು. ಅಂದರೆ ಎರಡು ಮನೆಗಳಲ್ಲೂ ರುಚಿ ನೋಡಿದ್ದಾರೆ, ಎರಡು ಮನೆಗಳಲ್ಲೂ ಅಲ್ಲಿಗೇ ನಿಲ್ಲಿಸಿದ್ದಾರೆ. ಮುಟ್ಟದೆ ಬಿಟ್ಟಿದ್ದರೂ ರಾಯರಿಗೆ ಇಷ್ಟು ನೋಯುತ್ತಿರಲಿಲ್ಲ.

ಆಗ ಫೋನು ಬಡಿಯಿತು. "ಪಪ್ಪಾ, ಲೋಕಲ್ ಮಿಲ್ ಗಯೀ. ಜುಯಿನಗರ ದಾಟಿತು. ಚಹಾಕ್ಕೆ ಇಡ್ತೀಯಾ?"

ಜುಯಿನಗರ ದಾಟಿದರೆ ಮುಂದಿನ ಸ್ಟೇಷನ್ನು ನೆರೂಳವೇ. ರಾಯರು ಪೈಯನ್ನೂ ಬಾಗಿಲನ್ನೂ ನೋಡಿದರು. ಹೆಂಡತಿ ಒಳಗೆ ಬಂದು ಈ ಕಮಲವನ್ನು ನೋಡಿದಳೆಂದರೆ ಮುಗಿಯಿತು. ಕೆಳಗಿನ ಅಂತಸ್ತು ಹೋಗಲಿ, ಉಳಿದ ಆಯುಷ್ಯದಲ್ಲಿ ಮನೆಯಲ್ಲಿ ಬಾಯಿ ತೆರೆಯುವಂತಿಲ್ಲ. ಕಸದ ಬುಟ್ಟಿಗೆ ಹಾಕೋಣವೆಂದರೆ ಅನ್ನ ಬಿಸುಡಲು ಹೋಟೆಲಿನವನ ಕೈ ಬರುವುದಿಲ್ಲ. ಕಿಟಕಿಯಿಂದ ಎಸೆಯೋಣವೆಂದರೆ ಕೆಳಗೆ ಸೊಸೈಟಿಯ ಸೆಕ್ರೆಟರಿಯ ಸ್ಕೂಟರು. ಉಳಿದದ್ದು ಒಂದೇ ಜಾಗ.

ರಾಯರು ನಿಂತಲ್ಲೇ ಪೈ ತಿನ್ನತೊಡಗಿದರು.

ಮೊದಲ ತುತ್ತು ಬಾಯಿಗೆ ಹೋದಾಗ ಅವರಿಗೆ ಜೀವಮಾನದಲ್ಲಿ ಮೊದಲ ಸಲ ತಮ್ಮ ಕೈರುಚಿಯ ದರ್ಶನವಾಯಿತು. ಸಕ್ಕರೆ ಹಲ್ಲಿನಿಂದ ಹೊರಟು ಕಿವಿಯವರೆಗೆ ಝುಂ ಎಂದಿತು. ಅದರ ಹಿಂದೆ ತುಪ್ಪ ಬಂತು. ಅದು ಗಂಟಲಿಗೆ ಇಳಿಯದೆ, ಹೊರಗೂ ಬಾರದೆ, ಲೋಕಲಿನ ಬಾಗಿಲಲ್ಲಿ ನಿಂತ ಪ್ರಯಾಣಿಕನಂತೆ ಅಲ್ಲೇ ನಿಂತಿತು. ಐನೂರು ಎಲೆಯ ಮದುವೆಯಲ್ಲಿ ಹಲ್ವವನ್ನು ಎಲೆಯ ತುದಿಗೆ ಒಂದು ಚಮಚ ಬಡಿಸುತ್ತಿದ್ದರು, ಇಲ್ಲಿ ಅದನ್ನು ತಟ್ಟೆಯಷ್ಟಗಲದ ಬಟ್ಟಲಿಗೆ ತುಂಬಿ ಮೇಲೆ ಬೆಣ್ಣೆಯ ಮುಚ್ಚಳ ಹಾಕಿದ್ದರು. ಈ ವ್ಯತ್ಯಾಸ ರಾಯರಿಗೆ ಹೊಳೆದದ್ದು ನಾಲ್ಕನೇ ತುತ್ತಿನಲ್ಲಿ. ಕಣ್ಣಲ್ಲಿ ನೀರು ಬಂತು. ನೀರು ಕುಡಿದು ತಿಂದರು, ಉಪ್ಪಿನಕಾಯಿ ನಂಚಿಕೊಂಡು ತಿಂದರು, ಕೊನೆಗೆ ದೇವರನ್ನು ನೆನೆದು ತಿಂದರು. ಲವಂಗವೊಂದೇ ಸಹ್ಯವಾಗಿತ್ತು.

ಡಬ್ಬಿಯನ್ನು ತೊಳೆದು, ಒರೆಸಿ, ಶೆಲ್ಫಿನ ಮೇಲೆ ಇಡುವಷ್ಟರಲ್ಲಿ ಬಾಗಿಲು ತೆರೆಯಿತು.

ಜಯಲತಾ ಒಳಗೆ ಬಂದವಳು ಮೊದಲು ಡಬ್ಬಿಯನ್ನು ನೋಡಿದಳು, ಆಮೇಲೆ ಗಂಡನನ್ನು. "ಡಬ್ಬಿ ತೊಳೆದದ್ದು ಯಾರು?"

"ನಾನೇ."

"ನೀವು?" ಮದುವೆಯಾದಂದಿನಿಂದ ರಾಯರು ಮನೆಯಲ್ಲಿ ಒಂದು ಲೋಟವನ್ನೂ ತೊಳೆದದ್ದಿಲ್ಲ. "ರತ್ನಾಬಾಯಿ ಬಂದಿದ್ರಾ? ಡಬ್ಬಿಯಲ್ಲಿ ಎಂಥ ಇತ್ತು?"

"ಹೋಳಿಗೆ," ಎಂದರು ರಾಯರು. "ಶೇಂಗಾ ಹೋಳಿಗೆ. ಎರಡೇ ಇತ್ತು. ಹಸಿವಾಗಿತ್ತು, ತಿಂದುಬಿಟ್ಟೆ."

ಸುಳ್ಳು ಹೇಳುವವನು ಊರಿನ ಹೆಂಗಸರ ಮರ್ಯಾದೆಯನ್ನು ಲೆಕ್ಕಕ್ಕೆ ಹಿಡಿಯಬೇಕು. ತಿಂಡಿ ಬಂದರೆ ಫೋನು ಮಾಡಿ ಚೆನ್ನಾಗಿತ್ತು ಎನ್ನುವುದು ಆ ಮರ್ಯಾದೆ. ರಾಯರು ಬೇಡ ಬೇಡ ಎನ್ನುವಷ್ಟರಲ್ಲಿ ಜಯಲತಾ ಫೋನು ಮಾಡಿ ಸ್ಪೀಕರಿಗೆ ಹಾಕಿಯಾಗಿತ್ತು.

"ರತ್ನಕ್ಕಾ, ಹೋಳಿಗೆ ಭಾರೀ ಲಾಯ್ಕಾಗಿತ್ತಂತೆ. ಇವರು ನಮಗೆ ಉಳಿಸಲೇ ಇಲ್ಲ."

"ಅಯ್ಯ, ಹೋಳಿಗಿ ಎಲ್ಲೀದ್ರಿ ವೈನಿ? ನಾ ಕೊಟ್ಟದ್ದು ಪೈ ರೀ. ಮ್ಯಾಲಿನ ಅಪರ್ಣಾ ಕೊಟ್ಟಿದ್ದಳು, ಹೂವಿನ ಗತೆ ಮಾಡ್ಯಾರ ನೋಡ್ರಿ. ನಮಗ ಇಂಥಾದ್ದರಾಗ ತಿಳಿಯೂದಿಲ್ಲ. ನಿಮ್ಮ ಮನ್ಯಾಗ ಅದರದ ಧಂದೆ ಸುರು ಆಗೇತಿ, ನೋಡಿ ಹೇಳ್ತೀರಿ ಅಂತ ಕೊಟ್ಟೆ. ಹ್ಯಾಂಗಿತ್ತರಿ?"

ಜಯಲತಾ ಫೋನು ಇಟ್ಟಳು. ಮಾನಸಿಯ ಬಾಯಿ ತೆರೆದೇ ಇತ್ತು.

"ಪಪ್ಪಾ. ವೋ ತೋ ಆಪ್‌ಕಾ ಪೈ ಥಾ. ಪೂರಾ ಖಾ ಲಿಯಾ?"

ಇಲ್ಲಿಯಾದರೂ ನಿಜ ಹೇಳಬಹುದಿತ್ತು. ಆದರೆ ಮುಳುಗುವವನು ಹುಲ್ಲುಕಡ್ಡಿ ಹಿಡಿಯುತ್ತಾನೆ. ರಾಯರು ಎದೆಯುಬ್ಬಿಸಿದರು. "ಹೌದು. ಹೋಳಿಗೆ ಅಂದದ್ದು ನಾಚಿಕೆಗೆ. ಸುಮ್ಮನೆ ಒಂದು ತುಂಡು ನೋಡುವ ಅಂತ ಬಾಯಿಗೆ ಹಾಕಿದೆ. ಏನು ಹೇಳ್ಲಿ ಮಗಾ! ನಿಲ್ಲಿಸ್ಲಿಕ್ಕೇ ಆಗ್ಲಿಲ್ಲ. ಪಾಪ, ಅವರಿಗೆಲ್ಲ ಪೈ ತಿಂದು ಅಭ್ಯಾಸ ಇಲ್ಲ, ಅದರ ಬೆಲೆ ಹೇಗೆ ಗೊತ್ತಾಗ್ಬೇಕು?"

ಜಯಲತಾ ಗಂಡನ ಮುಖವನ್ನೇ ನೋಡಿದಳು. ಮೂಗಿನ ಮೇಲೆ ಬೆವರಿತ್ತು, ಮೀಸೆಯ ತುದಿಯಲ್ಲಿ ತುಪ್ಪ ಹೊಳೆಯುತ್ತಿತ್ತು. ಅವಳು ಕುರ್ಚಿ ಎಳೆದು ಕೂತಳು.

"ಹಾಗಾದ್ರೆ ನಾನು ಸೋತೆ," ಎಂದಳು.

"ಆಂ?"

"ಮದುವೆ ಮನೆಯಲ್ಲಿ ಪಾಯಸ ಬಿಟ್ಟು ಮಜ್ಜಿಗೆ ಅನ್ನ ಉಣ್ಣುವವರು ನೀವು. ನೀವೇ ನಿಂತು ಒಂದು ಇಡೀ ಪೈ ತಿಂದ್ರಿ ಅಂದ್ಮೇಲೆ ಅದಕ್ಕಿಂತ ದೊಡ್ಡ ವೋಟು ಯಾವುದುಂಟು? ಮಾನಸೀ, ಬೋರ್ಡು ಬರೆಯುವವನಿಗೆ ಹೇಳು. ಕೆಳಗಿನ ಅಂತಸ್ತು, ಕಾಶಿ ಹಲ್ವ ಪೈ."

ಗೆಲುವು ಹೀಗೆ ಕಾಲ ಬಳಿಗೆ ಬಂದು ಬಿದ್ದಾಗ ರಾಯರು ಮೀಸೆಯ ತುಪ್ಪ ಒರೆಸಿಕೊಂಡರು. ಮಾನಸಿ ಅನುಮಾನದಿಂದ ಅಮ್ಮನ ಮುಖ ನೋಡಿ, ಫೋನು ತೆಗೆದು ಬೋರ್ಡಿನವನ ನಂಬರು ಹುಡುಕತೊಡಗಿದಳು.

"ಸೋಮವಾರ ಹೋಟೆಲಿನಲ್ಲಿ ಪೈ ಸುರು ಆಗ್ತದೆ, ಎಷ್ಟು ಮಾಡ್ತೀರಿ?" ಎಂದಳು ಜಯಲತಾ. "ಕುಂಬಳಕಾಯಿ ನಾನು ತುರಿದು ಕೊಡ್ತೇನೆ. ಮತ್ತೆ ಕಿಟ್ಟಣ್ಣ ಮಾವನನ್ನು ಡೊಂಬಿವಲಿಯಿಂದ ಕರೆಸುವ. ಪ್ರಾಯ ಆಗಿದ್ರೂ ನಾಲಗೆ ಚುರುಕುಂಟು. ಮೊದಲ ಪೈ ಅವರ ಬಾಯಿಗೇ ಹೋಗ್ಲಿ, ಶಿಷ್ಯ ಮಾಡಿದ್ದಲ್ವಾ."

ರಾಯರ ಕಣ್ಣ ಮುಂದೆ ಕಿಟ್ಟಣ್ಣ ಮಾವ ಬಂದು ಕೂತರು. ಹಲ್ಲಿಲ್ಲದ ಬಾಯಿಗೆ ತುಂಡು ಹಾಕಿಕೊಂಡರು. ಶಿಷ್ಯನ ಮುಖವನ್ನೇ ನೋಡಿದರು. ಅವರ ಹಿಂದೆ ಕಾಲೇಜಿನ ಹುಡು‌ಗರ ಸಾಲು, ಒಬ್ಬೊಬ್ಬನ ಕೈಯಲ್ಲೂ ಒಂದು ಕಮಲ, ಒಬ್ಬೊಬ್ಬನ ಮುಖದಲ್ಲೂ ಅದೇ ನೋಟ. ಆದರೂ ರಾಯರು ಹಲ್ಲು ಕಚ್ಚಿ ತಡೆದುಕೊಂಡರು. ಮಾವನಿಗೆ ಜ್ವರ ಬರಬಹುದು, ಲೋಕಲ್ ನಿಲ್ಲಬಹುದು, ಏನಾದರೂ ಆಗಬಹುದು.

ಅವರನ್ನು ಕೆಡವಿದ್ದು ಅದಲ್ಲ. ಜಯಲತಾ ಎದ್ದು, ವಾಶಿಯಿಂದ ತಂದ ಚೀಲವನ್ನು ಬಿಚ್ಚಿದಳು. ಅದರಲ್ಲಿ ಎಳೆಯ ತೊಂಡೆಕಾಯಿ ಇತ್ತು, ಎರಡು ಕಿಲೋವಾದರೂ ಇದ್ದೀತು. ಗೆದ್ದೇ ಗೆಲ್ಲುತ್ತೇನೆಂದು ಸೋಮವಾರಕ್ಕೆಂದೇ ಆರಿಸಿ ತಂದದ್ದು. ಅವಳು ಒಂದು ತೊಂಡೆಕಾಯಿ ಎತ್ತಿ ನೋಡಿ, "ನಾಳೆ ಸಾಂಬಾರಿಗೆ ಆಗ್ತದೆ," ಎಂದು ಎಲ್ಲವನ್ನೂ ಫ್ರಿಜ್ಜಿನ ಕೆಳಗಿನ ಖಾನೆಗೆ ಸುರಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ರಾಯರಿಗೆ ಜಗಳವಾಡಲು ಬರುತ್ತಿತ್ತು.

"ಮಾನಸೀ, ಫೋನು ಇಡು," ಎಂದರು ರಾಯರು.

"ರಿಂಗ್ ಹೋಗ್ತಾ ಉಂಟು ಪಪ್ಪಾ."

"ಇಡು ಅಂತ ಹೇಳಿದೆ. ಆ ಪೈ ಆಗುವುದಿಲ್ಲ. ಅದು ಚೆನ್ನಾಗಿಲ್ಲ."

"ನಿಲ್ಲಿಸಲಿಕ್ಕೇ ಆಗ್ಲಿಲ್ಲ ಅಂದ್ರಿ?" ಎಂದಳು ಜಯಲತಾ, ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ.

"ನಿಲ್ಲಿಸಿದ್ರೆ ನೀನು ನೋಡ್ತಿದ್ದೆ, ಅದಕ್ಕೆ ನಿಲ್ಲಿಸಲಿಲ್ಲ. ಜಯಾ, ಅದು ತಿನ್ನುವ ವಸ್ತುವೇ ಅಲ್ಲ. ಅದರಲ್ಲಿ ಸಕ್ಕರೆಯಲ್ಲದೆ ಬೇರೇನೂ ಇಲ್ಲ. ನನ್ನ ಕಿವಿ ಇನ್ನೂ ಗುಂಯ್ ಅಂತ ಉಂಟು. ಅದನ್ನು ಗಿರಾಕಿಗೆ ಕೊಟ್ರೆ ನಾನು ಗಲ್ಲೆಯ ಮೇಲೆ ಮುಖ ಎತ್ತಿ ಕೂರುವುದು ಹೇಗೆ? ಕೆಳಗಿನ ಅಂತಸ್ತು ನಿನ್ನದು. ಮನೋಳಿಯನ್ನು ಸಾಂಬಾರಿಗೆ ಹಾಕ್ಬೇಡ."

ಮೊದಲು ನಕ್ಕವಳು ಮಾನಸಿ. ಆಮೇಲೆ ಜಯಲತಾ ನಕ್ಕಳು, ಎಷ್ಟೆಂದರೆ ಫ್ರಿಜ್ಜಿಗೆ ಒರಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನನಗೆ ಗೊತ್ತಿತ್ತು," ಎಂದಳು. "ಡಬ್ಬಿ ಮುಚ್ಚುವಾಗ ಪಾತ್ರೆಯ ಬುಡದ್ದು ಒಂದು ಚೂರು ನಾಲಗೆಗೆ ಇಟ್ಟಿದ್ದೆ."

"ಆವತ್ತೇ ಗೊತ್ತಿತ್ತಾ! ಮತ್ತೆ ಈಗ ಸೋತೆ ಅಂದದ್ದು ಯಾಕೆ?"

"ಗಂಡ ಗೆಲ್ತಾನಾ, ಹೋಟೆಲಿನವ ಗೆಲ್ತಾನಾ ನೋಡುವ ಅಂತ. ಹೋಟೆಲಿನವ ಗೆದ್ದ. ಪುಣ್ಯ."

ಇಷ್ಟು ವರ್ಷ ಜತೆಗಿದ್ದ ಹೆಂಡತಿಯ ಬಾಯಿಂದ ಬಂದ ಈ ಪ್ರಶಸ್ತಿ ರಾಯರಿಗೆ ನಿಜಕ್ಕೂ ಹಿತವೆನಿಸಿತು. ಹಲ್ವದ ಕಮಲ ಹೊಟ್ಟೆಯೊಳಗೆ ಅರಳುತ್ತಿದ್ದರೂ ಎದೆ ಹಗುರವಾಗಿತ್ತು. ಇನ್ನು ಒಂದು ಲೋಟ ಜೀರಿಗೆ ಕಷಾಯ ಕುಡಿದು ಮಲಗಿದರೆ ಸಾಕು ಎಂದು ಅವರು ಏಳಹೊರಟರು.

"ಎಲ್ಲಿಗೆ? ಕೂತ್ಕೊಳ್ಳಿ," ಎಂದು ಜಯಲತಾ ಓವನಿನಿಂದ ಒಂದು ತಟ್ಟೆ ತಂದು ಮುಂದಿಟ್ಟಳು. ಬೋಳು ತಲೆಯ ಪೈ, ಅದರ ಒಂದು ತುಂಡು. "ಬೆಳಿಗ್ಗೆ ಇನ್ನೊಂದು ಮಾಡಿದ್ದೆ, ನಾವು ತಿಂದು ಉಳಿದದ್ದು. ಇದನ್ನು ನೀವು ಇನ್ನೂ ತಿಂದೇ ಇಲ್ಲ. ಒಂದನ್ನೇ ತಿಂದು ತೀರ್ಪು ಹೇಳಿದ್ರೆ ಅದು ನ್ಯಾಯವಾ?"

"ಜಯಾ, ಜಾಗ ಇಲ್ಲ ಮಾರಾಯ್ತಿ. ಕಂಠದವರೆಗೆ ಉಂಟು."

"ನ್ಯಾಯಕ್ಕೆ ಜಾಗ ಮಾಡ್ಬೇಕು."

ರಾಯರು ಗಲ್ಲಿಗೆ ಹೋಗುವವರ ಮುಖ ಮಾಡಿಕೊಂಡು ತುಂಡನ್ನು ಎತ್ತಿದರು. ಮೊದಲ ತುತ್ತನ್ನು ಹೆಂಡತಿಗೋಸ್ಕರ ತಿಂದರು. ಹುರಿದ ಕೊತ್ತಂಬರಿಯ ಘಮ ಮೂಗಿಗೇರಿತು, ಖಾರ ನಾಲಗೆಯ ಮೇಲಿನ ತುಪ್ಪವನ್ನೆಲ್ಲ ಗುಡಿಸಿ ಹಾಕಿತು, ಕಡಲೆ ಹಲ್ಲಿಗೆ ಸಿಕ್ಕಿ ಒಡೆಯಿತು. ಎರಡನೆಯ ತುತ್ತನ್ನು ಯಾರಿಗೋಸ್ಕರ ತಿಂದರೋ ಅವರಿಗೇ ತಿಳಿಯಲಿಲ್ಲ. ಮೂರನೆಯದಕ್ಕೆ ಕೈ ಹಾಕಿದಾಗ ತಟ್ಟೆಯಲ್ಲಿ ಪುಡಿ ಮಾತ್ರ ಇತ್ತು. ಅದನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದರು. ಈ ಮನೆಯಲ್ಲಿ ಇಷ್ಟು ಕಾಲ ಇದೇ ಕೈಯ ಊಟ ಉಂಡೂ ಒಂದು ದಿನವೂ ಹೊಗಳಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅದನ್ನು ಹೇಳಲು ಬಾಯಿ ತೆರೆದರು. ಆದರೆ ಬಾಯಿಂದ ಹೊರಬಿದ್ದದ್ದು ಬೇರೆಯೇ.

"ಇನ್ನೊಂದು ತುಂಡು ಕೊಡು."

"ಮುಗೀತು," ಎಂದಳು ಜಯಲತಾ, ಓವನಿನ ಬಾಗಿಲು ಮುಚ್ಚುತ್ತ. "ಇನ್ನು ಬೇಕಾದ್ರೆ ಸೋಮವಾರ ಹೋಟೆಲಿಗೆ ಬನ್ನಿ. ಬೇಗ ಬಂದು ಸಾಲಿನಲ್ಲಿ ನಿಲ್ಲಿ, ಶೇಟ್ ಅಂತ ನಿಮಗೆ ಬೇರೆ ತೆಗೆದಿಡ್ಲಿಕ್ಕಿಲ್ಲ."